ಪೆಟ್ರೋಲ್ ಪೈಪು ನಾನೇ ಬದಲಾಯಿಸಿದೆ

‘ಮೇಡಂ, ಗುರುವಾರದೊಳಗೆ ಆ ಡಬ್ಬಾ ಇಲ್ಲಿಂದ ಹೋಗಬೇಕು.’

ಡಬ್ಬಾ ಅಂದರೆ ನನ್ನ ಕಾರು. ಹೇಳಿದವರು ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ರಾವ್ ಗಾರು. ಕಾರಣ? ಬೇಸ್‌ಮೆಂಟಿನಲ್ಲಿ ಪೆಟ್ರೋಲ್ ವಾಸನೆ.

ವಾಸನೆ ಇದ್ದದ್ದು ನಿಜ. ಅದರಲ್ಲಿ ನನ್ನ ತಕರಾರಿಲ್ಲ. ಬಾನೆಟ್ ಎತ್ತಿ, ಕಾರಿನಡಿಗೂ ಬಗ್ಗಿ ನೋಡಿದೆ. ಟ್ಯಾಂಕಿನಿಂದ ಎಂಜಿನ್‌ವರೆಗೆ ಪೆಟ್ರೋಲ್ ಹರಿಯುವ ರಬ್ಬರ್ ಪೈಪಿನ ತುಂಡುಗಳೆಲ್ಲ ಒಣಗಿ ಬಿರುಕು ಬಿಟ್ಟಿದ್ದವು. ಕಾರು ನನಗಿಂತ ಎರಡು ವರ್ಷ ದೊಡ್ಡದು. ನನಗೆ ಐವತ್ತೆರಡು. (ನನ್ನ ಮೊಣಕಾಲೂ ಸದ್ದು ಮಾಡುತ್ತದೆ. ಹಾಗಂತ ನನ್ನನ್ನೂ ಗುಜರಿಗೆ ಹಾಕುತ್ತೀರಾ?) ಕಲಬುರಗಿ ಬಿಟ್ಟು ಈ ತೆಲುಗು ಊರಿಗೆ ಬಂದಮೇಲೆ ನಾನೇ ದುಡಿದು ಕೊಂಡ ಮೊದಲ ದೊಡ್ಡ ವಸ್ತು ಅದು. ಬಿಡುವ ಮಾತೇ ಇಲ್ಲ.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ‘ಸಾಬ್ ಕೋ ದೇವ್ ಮೇಡಂ’ ಅಂದ. ಫೋನು ಸಾಹೇಬರ ಕೈಗೆ ಕೊಡಬೇಕಂತೆ; ಸಾಬ್ ಅಂದರೆ ನನ್ನ ಗಂಡ. ಸ್ಪ್ಯಾನರ್ ಯಾವುದು, ಸೌಟು ಯಾವುದು ಎಂದು ತಿಳಿಯದ ಮನುಷ್ಯ. ಇಬ್ಬರೂ ಎರಡು ನಿಮಿಷ ಮಾತಾಡಿದರು. ಫೋನ್ ಇಟ್ಟ ಗಂಡ, ‘ಸುಮ್ನ ಗುಜರಿಗೆ ಕೊಡು ಅಂತಾನ. ಕೊಟ್ಟುಬಿಡೂಣು’ ಅಂದರು.

ಕಾರು ಯಾರದ್ದು? ತೀರ್ಮಾನ ಯಾರದ್ದು?

‘ನಾನ ರಿಪೇರಿ ಮಾಡ್ತೀನಿ’ ಅಂದೆ.

ಊರಿನ ಇನ್ನೊಂದು ತುದಿಯ ನಾಚಾರಂವರೆಗೆ ಹೋಗಿ, ಈಗಿನ ಎಥನಾಲ್ ಬೆರೆತ ಪೆಟ್ರೋಲನ್ನು ತಾಳಿಕೊಳ್ಳುವ ಪೈಪು, ಅಳತೆಯ ಕ್ಲಿಪ್ಪು ತಂದೆ. ಭಾನುವಾರ ಬೆಳಿಗ್ಗೆ ಗಂಡ, ವಾಚ್‌ಮನ್ ಮತ್ತು ನಾಲ್ಕು ಹುಡುಗರು ಕಾರನ್ನು ಗೇಟಿನ ಬಳಿ ಬಯಲಿಗೆ ತಳ್ಳಿಕೊಟ್ಟರು. ಬ್ಯಾಟರಿ ವೈರ್ ಕಳಚಿದೆ. ಪೆಟ್ರೋಲ್ ಕ್ಯಾನಿಗೆ ಇಳಿಸಿ ದೂರ ಇಟ್ಟೆ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇತ್ತು. ಬಾಲ್ಕನಿಗಳಲ್ಲಿ ಕಾಫಿ ಕಪ್ ಹಿಡಿದ ಪ್ರೇಕ್ಷಕರೂ ಇದ್ದರು.

ಹಳೇ ಪೈಪು ಬಂತು. ಹೊಸದು ಹೋಗಲಿಲ್ಲ! ಯೂಟ್ಯೂಬಿನಲ್ಲಿ ಹತ್ತು ಸೆಕೆಂಡಿನ ಕೆಲಸ. ಟ್ಯಾಂಕಿನ ಕೆಳಗೆ ಅಂಗಾತ ಮಲಗಿ ಒಂದು ಗಂಟೆ ಒದ್ದಾಡಿದೆ. ಹೆಬ್ಬೆರಳಿನ ಚರ್ಮ ಕಿತ್ತಿತು. ಮೇಲಿನಿಂದ ಯಾರೋ ನಕ್ಕರು. ಸುಳ್ಳೇಕೆ, ಅಳು ಬಂದಿತ್ತು.

ನಮ್ಮ ಬಿಲ್ಡಿಂಗಿನ ಮೆಟ್ಟಿಲು ಗುಡಿಸುವ ಮಹಾದೇವಿ ಬಗ್ಗಿ ನೋಡಿದಳು. ಯಾದಗಿರಿ ಕಡೆಯವಳು.

‘ಅಕ್ಕಾರ, ಹಂಗ ಏರಂಗಿಲ್ಲರಿ ಅದು. ತುದಿ ಬಿಸಿನೀರಾಗ ಅದ್ದರಿ.’

‘ನಿನಗ ಹೆಂಗ ಗೊತ್ತು?’

‘ಬಿಲ್ಡಿಂಗ್ ಕೆಲಸದಾಗ ನೀರಿನ ಪೈಪ್ ಹಿಂಗ ಏರಸ್ತಿದ್ವಿರಿ.’

ಮನೆಯಿಂದ ಥರ್ಮಾಸಿನಲ್ಲಿ ಬಿಸಿನೀರು ತಂದೆ. ಅವಳೇ ಅದ್ದಿದಳು, ಒಳಗೂ ಹೊರಗೂ ಒಂದು ಹನಿ ನೀರಿಲ್ಲದಂತೆ ಒರೆಸಿದಳು, ಸೆರಗು ಸಿಕ್ಕಿಸಿ ಕಾರಿನಡಿ ನುಗ್ಗಿದಳು. ‘ಕುಂತತ್ರಿ!’ ಎಂದು ಕೂಗಿದಳು. ಉಳಿದ ಪೈಪುಗಳನ್ನೂ ಇಬ್ಬರೂ ಹಾಗೇ ಕೂರಿಸಿದೆವು.

ಬ್ಯಾಟರಿ ವೈರ್ ಸಿಕ್ಕಿಸಿ, ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಪಕ್ಕದ ಪಂಪಿನ ಹತ್ತಿರ ಸಣ್ಣಗೆ ಒಸರಿತು. ತಕ್ಷಣ ಆಫ್ ಮಾಡಿದೆ. ಒರೆಸಿ ಆರಿಸಿ, ಸಡಿಲಾಗಿದ್ದ ಕ್ಲಿಪ್ ಬಿಗಿದು ಮತ್ತೆ ಸ್ಟಾರ್ಟ್ ಮಾಡಿದೆ. ಅರ್ಧ ಗಂಟೆ ಎಂಜಿನ್ ಓಡಿತು. ಆಫ್ ಮಾಡಿ ಪ್ರತಿ ಜಾಯಿಂಟಿಗೂ ಟಿಶ್ಯೂ ಒತ್ತಿ ನೋಡಿದೆ. ಎಲ್ಲ ಒಣ ಒಣ.

ಮಂಗಳವಾರ ರಾವ್ ಗಾರು ಬೇಸ್‌ಮೆಂಟಿಗೆ ಬಂದು ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಏನೂ ಸಿಗಲಿಲ್ಲ. ‘ಓಕೆ. ಮೆಕ್ಯಾನಿಕ್ ಕೈಲಿ ಲೆಟರ್ ಬರೆಸಿ ತನ್ನಿ, ಕಮಿಟಿಗೆ ಬೇಕು.’

‘ಮೆಕ್ಯಾನಿಕ್ ನಾನೇ.’

‘ಜೋಕ್ ಮಾಡಬೇಡಿ ಮೇಡಂ.’

ಅವತ್ತೇ ಬರೆದೆ. ಎಲ್ಲೆಲ್ಲಿ ಪೈಪು ಬದಲಾಗಿದೆ, ಎಷ್ಟು ಹೊತ್ತು ಪರೀಕ್ಷೆ ಮಾಡಿದೆವು, ಎಲ್ಲ. ಕೆಳಗೆ ನನ್ನ ಸಹಿ. ಅದರ ಕೆಳಗೆ ಮಹಾದೇವಿ, ಒಂದೊಂದೇ ಅಕ್ಷರ ಕೂಡಿಸಿ, ಕನ್ನಡದಲ್ಲಿ ತನ್ನ ಹೆಸರು ಬರೆದಳು.

ರಾವ್ ಗಾರು ಕನ್ನಡಕ ಸರಿಮಾಡಿಕೊಂಡು ಓದಿದರು. ‘ಈವಿಡ... ಈಕೆ ಗುಡಿಸುವವಳಲ್ಲವಾ?’

‘ಹೌದು. ಪೈಪು ಕೂರಿಸಿದವಳೂ ಇವಳೇ. ಫೈಲ್ ಮಾಡಿಕೊಳ್ಳಿ’ ಅಂದೆ.

ಗುರುವಾರ ಕಳೆಯಿತು. ಕಾರು ತನ್ನ ಜಾಗದಲ್ಲೇ ಇದೆ. ಆ ಲೆಟರ್ ಮಾತ್ರ ಕಮಿಟಿಯಲ್ಲಿ ಇನ್ನೂ ‘ಪೆಂಡಿಂಗ್’ ಅಂತೆ.

ಕೆಲಸ ಮಾಡಿದವರ ಸಹಿಗಿಂತ ದೊಡ್ಡ ಸಹಿ ಇನ್ನು ಯಾರದ್ದು ಬೇಕು ಸ್ವಾಮಿ, ನಿಮಗೆ?