ರೇವಮ್ಮನ ಬೆರಕೆ ಸೊಪ್ಪಿನ ಪಾತಿ

ಅಕ್ಕಿ ತೊಳೆದ ನೀರನ್ನು ರೇವಮ್ಮ ಬಚ್ಚಲಿಗೆ ಚೆಲ್ಲಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಬೆಳಿಗ್ಗೆ ಪೂಜೆ ಮುಗಿದ ಕೂಡಲೇ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ, ಪಾತ್ರೆ ಹಿಡಿದು ಹಿತ್ತಲಿಗೆ ಬರುತ್ತಾಳೆ. ಜ್ವರವಿದ್ದರೂ, ಮನೆ ತುಂಬ ನೆಂಟರಿದ್ದರೂ ತಪ್ಪಿಸುವುದಿಲ್ಲ. ಪಾತಿಯ ಸುತ್ತ ಹೊಯ್ಯುತ್ತಾ "ಕುಡೀರಮ್ಮ" ಅನ್ನುತ್ತಾಳೆ. ಅಷ್ಟು ಮಾತು ಸೊಪ್ಪಿಗೆ. ಆಮೇಲಿನದೆಲ್ಲ ಕಲ್ಲಿನಾಚೆಯವರಿಗೆ.

ನಮ್ಮ ಗುಬ್ಬಿ ಊರಿನ ಆ ಮನೆ ಮೊದಲು ಒಂದೇ ಆಗಿತ್ತು. ಅತ್ತೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದರು. ಮನೆಯೊಳಗೆ ಗೋಡೆ ಎದ್ದಿತು, ಹಿತ್ತಲಿನಲ್ಲಿ ಸೈಜುಗಲ್ಲಿನ ಸಾಲು ಕೂತಿತು. ಈಚೆ ಅಣ್ಣ ಮಹಾಲಿಂಗಯ್ಯ ಮತ್ತು ಅವನ ಹೆಂಡತಿ ರೇವಮ್ಮ. ಆಚೆ ತಮ್ಮ ಬಸವಪ್ರಭು ಮತ್ತು ಅವನ ಹೆಂಡತಿ ಮಂಗಳಗೌರಿ. ಗಂಡಸರು ಬೀದಿಯಲ್ಲಿ ಸಿಕ್ಕಿದರೆ ತಲೆಯಾದರೂ ಆಡಿಸುತ್ತಿದ್ದರು. ವಾರಗಿತ್ತಿಯರಿಗೆ ಅದೂ ಇರಲಿಲ್ಲ. ರೇವಮ್ಮ ನಲ್ಲಿಯನ್ನು ಬೈಯುತ್ತಿದ್ದಳು: "ಊರಿಗೆಲ್ಲ ಸುರೀತೀಯ, ನನ್ನ ಕಂಡ್ರೆ ಮಾತ್ರ ತೊಟ್ಟಿಕ್ತೀಯ. ನೀನೂ ಕಲಿತ್ಕೊಂಡೆ ಬುಡು." ಮಂಗಳಗೌರಿ ಒಗೆಯುವ ಲಂಗಕ್ಕೆ ಉತ್ತರ ಹೇಳುತ್ತಿದ್ದಳು: "ಎಷ್ಟು ಬಡಿದ್ರೂ ಅಷ್ಟೇ. ಇದರ ಕೊಳೆ ಇದರ ಜೊತೆಗೇ ಹೋಗ್ಬೇಕು."

ರೇವಮ್ಮನ ಪಾಲಿಗೆ ಬಂದದ್ದರಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಆ ಪಾತಿಯೊಂದನ್ನೇ. ಅದಕ್ಕೆ ಯಾರೂ ಬೀಜ ತಂದು ಹಾಕಿದವರಲ್ಲ. ಅತ್ತೆಯ ಕಾಲದಿಂದ ಅಣ್ಣೆ, ಕೀರೆ, ಗಣಿಕೆ ಎಲ್ಲ ಕಲೆತು ತಾವೇ ಹುಟ್ಟುತ್ತಿದ್ದವು. ಕುಯ್ಯುವಾಗ ನಾಲ್ಕಾರು ಗಿಡಗಳನ್ನು ಹಾಗೇ ಬಿಡಬೇಕು. ಅವು ಹೂವಾಗಿ, ಬೀಜ ಬಲಿತು, ಒಣಗಿ ಉದುರಬೇಕು. ಶಿವರಾತ್ರಿ ಕಳೆದ ಮೇಲೆ ಮಣ್ಣು ಸಡಿಲಿಸಿ, ಹಳೇ ಗೊಬ್ಬರ ಬೆರೆಸಿ ನೀರು ಬಿಟ್ಟರೆ ಯುಗಾದಿಯ ಹೊತ್ತಿಗೆ ಬಸ್ಸಾರಿಗೆ ಸೊಪ್ಪು. ಆ ಮಣ್ಣೇ ಅತ್ತೆಯ ಬೀಜದ ಬುಟ್ಟಿ ಎಂದು ರೇವಮ್ಮ ಹೇಳುತ್ತಿದ್ದಳು.

ಈ ಸಲ ಶಿವರಾತ್ರಿಗೆ ಮುಂಚೆ ಕುಣಿಗಲ್‌ನಲ್ಲಿ ಒಂದು ಗೃಹಪ್ರವೇಶವಿತ್ತು. ಗಂಡಹೆಂಡತಿ ಹೋಗಿ, ಎರಡು ದಿನ ಇದ್ದು ಬಂದರು. ಮರುದಿನ ಬೆಳಿಗ್ಗೆ ನೀರು ಹೊಯ್ಯಲು ಬಗ್ಗಿದವಳಿಗೆ ಗಿಡಗಳೆಲ್ಲ ಬಾಡಿ ಜೋತುಬಿದ್ದದ್ದು ಕಂಡಿತು. ಹೂವಿನಲ್ಲಿದ್ದವು ಹಳದಿಯಾಗಿ ಮುದುರಿದ್ದವು. ಮೂಗಿಗೆ ಘಾಟು ಬಡಿಯಿತು.

ಮಂಗಳಗೌರಿ ಹಾವಿನ ಭಯವೆಂದು ತನ್ನ ಹಿತ್ತಲಿಗೆ ಕಳೆ ಔಷಧಿ ಹೊಡೆಸಿದ್ದಳು. ಕ್ಯಾನು ಬೆನ್ನಿಗೆ ಹಾಕಿಕೊಂಡು ಬಂದಿದ್ದ ಕದರಯ್ಯನನ್ನು ರೇವಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದು ಕೇಳಿದಳು. ಅವನು ಮುಚ್ಚಿಡಲಿಲ್ಲ. ಕಲ್ಲಿನಾಚೆಗೂ ಹೊಡಿ, ಅದೂ ಕಳೆಯೇ ಎಂದು ಅಮ್ಮ ಹೇಳಿದರು, ಹೊಡೆದೆ ಎಂದ.

ಗಾಳಿಗೆ ಹಾರಿಬಂದು ಬಿದ್ದಿದ್ದರೆ ರೇವಮ್ಮ ಒಂದು ವಾರ ನಲ್ಲಿಯನ್ನು ಬೈದು ಸುಮ್ಮನಾಗುತ್ತಿದ್ದಳೇನೋ. ಮಂಗಳಗೌರಿ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅದೇ ಪಾತಿಯಲ್ಲಿ ಕೂತು ಸೊಪ್ಪು ಬಿಡಿಸಿದವಳು. ಬಸುರಿಯಾಗಿದ್ದಾಗ ಅದೇ ಬಸ್ಸಾರನ್ನು ಕೇಳಿ ಕೇಳಿ ಬಡಿಸಿಕೊಂಡವಳು. ಯಾವುದು ಕಳೆ, ಯಾವುದು ಸೊಪ್ಪು ಎಂಬುದು ಅವಳಿಗೆ ತಿಳಿಯದ್ದಲ್ಲ.

ಮಹಾಲಿಂಗಯ್ಯ ತಮ್ಮನ ಬಾಗಿಲಿಗೆ ಹೋದ. ಸೊಪ್ಪಿಗೋಸ್ಕರ ಪಂಚಾಯ್ತಿ ಮಾಡ್ತೀಯಾ ಎಂದು ಬಸವಪ್ರಭು ನಕ್ಕುಬಿಟ್ಟ. ಅಂದಿನಿಂದ ಅಣ್ಣತಮ್ಮಂದಿರು ತಲೆಯಾಡಿಸುವುದೂ ನಿಂತಿತು.

ರೇವಮ್ಮ ಸತ್ತ ಗಿಡಗಳನ್ನು ಕಿತ್ತು ಒಂದು ಮೂಲೆಯಲ್ಲಿ ರಾಶಿ ಹಾಕಿದಳು. ಒಂದೊಂದು ಗಿಡದ ತಲೆಯನ್ನೂ ಅಂಗೈಯಲ್ಲಿ ಉಜ್ಜಿ ನೋಡಿದಳು. ಬೀಜ ಕಟ್ಟಿರಲಿಲ್ಲ, ಬರೀ ಹೊಟ್ಟು. ಆದರೂ ಶಿವರಾತ್ರಿಯ ಮರುದಿನ ಎಂದಿನಂತೆ ಪಾತಿಗೆ ಇಳಿದಳು. ಹೆಂಟೆ ಒಡೆದಳು, ಗೊಬ್ಬರ ಬೆರೆಸಿದಳು, ಬದು ತಿದ್ದಿದಳು. ನೀರು ಹೊಯ್ಯುತ್ತಾ ಆಚೆಯವರಿಗೆ ಹೇಳುತ್ತಿದ್ದ ಮಾತುಗಳು ಆ ದಿನಗಳಲ್ಲಿ ಎಷ್ಟು ಕಹಿಯಾದವೆಂದರೆ ನಾವು ಅಕ್ಕಪಕ್ಕದವರು ಕಿಟಕಿ ಹಾಕಿಕೊಂಡೆವು. ಮಂಗಳಗೌರಿಯೂ ಕಡಿಮೆಯಿರಲಿಲ್ಲ. ಬರೀ ಮಣ್ಣಿಗೆ ಅಭಿಷೇಕ ಮಾಡುವವರನ್ನು ಇವತ್ತೇ ನೋಡಿದ್ದು ಎಂದು ಒಗೆಯುವ ಬಟ್ಟೆಗೆ ಹೇಳಿ ನಗುತ್ತಿದ್ದಳು.

ಯುಗಾದಿ ಹತ್ತಿರವಾದಾಗ ಪಾತಿಯ ಅಂಚಿಗೆ, ರೇವಮ್ಮ ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಕೀರೆಯ ನಾಲ್ಕೈದು ಮೊಳಕೆ ಕಂಡವು. ಗಣಿಕೆ ಒಂದು. ಅಣ್ಣೆ ಒಂದೂ ಇಲ್ಲ. ರೇವಮ್ಮ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಾಗ ಆಚೆಯಿಂದ ನೆರಳು ಬಿತ್ತು. ಪಾಲಾದ ಮೇಲೆ ಮೊದಲ ಸಲ ಮಂಗಳಗೌರಿ ಬಟ್ಟೆಯ ಜೊತೆಗಲ್ಲದೆ ರೇವಮ್ಮನ ಜೊತೆಗೇ ಮಾತಾಡಿದಳು.

"ಅಕ್ಕ, ದಿನಾ ನಿನ್ ಶಾಪ ಕೇಳಿ ಸಾಕಾಗಿದೆ. ಮಾರ್ಕೋನಹಳ್ಳಿಲಿ ನಮ್ಮಮ್ಮನ ಹಿತ್ತಲಲ್ಲಿ ಅಣ್ಣೆ ಬಲಿತು ಉದುರ್ತಾ ಬಿದ್ದದೆ. ನಾಳೆ ಹೋಗ್ತಿದೀನಿ. ಒಂದ್ ಚೀಲ ಮಣ್ಣೇ ತುಂಬಿಸ್ಕೊಂಡ್ ಬರ್ತೀನಿ, ಹರಡ್ಕೋ. ಮುಗೀಲಿ ಇದು."

ತಪ್ಪಾಯಿತು ಎನ್ನುವಳೇನೋ ಎಂದು ರೇವಮ್ಮ ತಲೆಯೆತ್ತಿ ನೋಡಿದಳು. ಮಂಗಳಗೌರಿ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

"ಬೇಡ ಕಣೇ," ಎಂದಳು ರೇವಮ್ಮ. "ನಿಮ್ಮಮ್ಮನ ಮಣ್ಣು ನಿಮ್ಮಮ್ಮನ ಹಿತ್ತಲಲ್ಲೇ ಇರ್ಲಿ. ಇವೇ ಬೀಜ ಕಟ್ಲಿ, ನಾನ್ ಕಾಯ್ತೀನಿ."

ಪಾತ್ರೆಯಲ್ಲಿ ಉಳಿದಿದ್ದ ನೀರನ್ನು ಆ ಮೊಳಕೆಗಳ ಸುತ್ತ ಹೊಯ್ದು, ಎದ್ದು ಒಳಗೆ ಹೋದಳು.