ನೀಲವ್ವ ಒಲ್ಲೆ ಎಂದಿರಲಿಲ್ಲ

ನೀಲವ್ವ ಒಲ್ಲೆ ಎಂದಿರಲಿಲ್ಲ. ಹಾಗೆಂದು ಹೇಳಿದವಳು ನಾನು. ಮಮದಾಪುರದ ಕೆರೆಯ ಏರಿಯ ಮೇಲೆ, ಹಾಡಹಗಲಲ್ಲಿ, ಒಂದೇ ಗಳಿಗೆಯಲ್ಲಿ ಎರಡು ಸುಳ್ಳು ಹೇಳಿದೆ — ಒಂದು ಕನ್ನಡದಲ್ಲಿ ಅವಳಿಗೆ, ಇನ್ನೊಂದು ಇಂಗ್ಲಿಷಿನಲ್ಲಿ ಎತಿಯೆನ್ ಅವರಿಗೆ. ಇಬ್ಬರೂ ನಂಬಿದರು. ಹದಿನೆಂಟು ವರ್ಷ ನಂಬಿಕೊಂಡೇ ಇದ್ದರು.

ನಾನಾಗ ವಿಜಯಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಜಲನಗರದಲ್ಲಿ ಮನೆ. ಪಾಠ, ಉತ್ತರಪತ್ರಿಕೆ, ಸಂಜೆಯ ಕಾಯಿಪಲ್ಲೆ — ಇಷ್ಟರ ನಡುವೆ ಯಾರಿಗೂ ತೋರಿಸದೆ ಒಂದು ನಾಟಕ ಬರೆದಿದ್ದೆ, ಇಂಗ್ಲಿಷಿನಲ್ಲಿ. ಎಲ್ಲಿಯದೋ ದೂರದ ರಂಗಮಂದಿರ, ಪರದೆ ಸರಿಯುವುದು, ನನ್ನ ಮಾತುಗಳನ್ನು ಬೇರೆ ಯಾರೋ ಆಡುವುದು... ಅದೊಂದು ಹಂಬಲ. ಈಗಲೂ ಹೋಗಿಲ್ಲ.

ಎತಿಯೆನ್ ಫ್ರಾನ್ಸಿನ ನಾಟಕಕಾರರು. ಆಗ ಅವರ ಊರಿನವರೇ ಅವರನ್ನು ಅಷ್ಟಾಗಿ ಬಲ್ಲವರಲ್ಲ. ಮೂರು ನಾಟಕ ಬರೆದಿದ್ದರು. ಮೂರೂ ಸಣ್ಣ ರಂಗಮಂದಿರಗಳಲ್ಲಿ ನಾಲ್ಕಾರು ದಿನ ಆಡಿ ನಿಂತುಹೋಗಿದ್ದವು. ಅವರ ಅಜ್ಜಿ ಬೆಟ್ಟದ ಸೀಮೆಯಲ್ಲಿ ಕುರಿ ಕಾಯ್ದವಳಂತೆ. ಕುರಿಯ ಹಿಂದೆ ನಡೆಯುವವರ ಬಗ್ಗೆ ಬರೆಯಬೇಕೆಂದು ಊರೂರು ಅಲೆಯುತ್ತ ನಮ್ಮ ಕಡೆ ಬಂದರು. ಮಾತು ತಿಳಿಸಿ ಹೇಳುವವರು ಬೇಕಾಗಿತ್ತು. ಪರಿಚಯದವರೊಬ್ಬರು ನನ್ನ ಹೆಸರು ಹೇಳಿದರು. ನಾನು ಹತ್ತು ದಿನ ರಜೆ ಹಾಕಿ ಅವರ ಜೊತೆ ಬಬಲೇಶ್ವರದ ಬಸ್ ಹತ್ತಿದೆ. ಚೀಲದಲ್ಲಿ ನನ್ನ ನಾಟಕದ ಹಸ್ತಪ್ರತಿ ಇತ್ತು.

ಮಮದಾಪುರದಲ್ಲಿ ನೀಲವ್ವ ಸಿಕ್ಕಳು. ಕುರಿ ಕಾಯುವ ಮನೆಯ ಸೊಸೆ, ಮೂವತ್ತರ ಹೆಂಗಸು. ಒಂದಕ್ಷರ ಕಲಿತವಳಲ್ಲ. ಆದರೆ ಕೆರೆ ಏರಿಯ ಮೇಲೆ ಕೂತು ಬಾಯಿ ತೆರೆದಳೆಂದರೆ ಅವಳೊಬ್ಬಳಲ್ಲಿ ಇಡೀ ಊರೇ ಬಂದು ಕೂರುತ್ತಿತ್ತು. ಅತ್ತೆಯ ಕೆಮ್ಮು, ಟಗರಿನ ಗತ್ತು, ಕುರಿಮರಿಯನ್ನು ಕಂಕುಳಲ್ಲಿಟ್ಟುಕೊಂಡು ಬಸ್ ಹತ್ತಿದ ಮುದುಕಿಗೆ ಕಂಡಕ್ಟರ್ ಗದರುವುದು — "ಏ ಆಯಿ, ಮರಿಗೂ ಟಿಕೀಟ ತಗೀಬೇಕ ನೋಡ!" ಮುದುಕಿಯ ಉತ್ತರ — "ಅದಕ್ಕಿನ್ನಾ ಹಲ್ಲ ಬಂದಿಲ್ಲಪಾ, ಅರ್ಧಾ ಟಿಕೀಟ ಕೊಡ!" ಎತಿಯೆನ್ ನಗುತ್ತಿದ್ದರು. ನಾನು ಬಾಯಿ ಬಿಡುವ ಮೊದಲೇ ನಗುತ್ತಿದ್ದರು. ಅವಳು ಹೆರಿಗೆಯಲ್ಲಿ ಸತ್ತ ತನ್ನ ತಂಗಿಯ ಮಾತು ಎತ್ತಿದ ದಿನ ಅವರ ಕಣ್ಣು ತುಂಬಿದವು — ನಾನು ಒಂದು ಶಬ್ದವನ್ನೂ ಅನುವಾದಿಸಿರಲಿಲ್ಲ.

ನನ್ನ ಅವಶ್ಯಕತೆಯೇ ಅಲ್ಲಿರಲಿಲ್ಲ. ಅದು ಚುಚ್ಚಿತು.

ಎಂಟನೆಯ ದಿನ ಎತಿಯೆನ್ ಅವರಿಗೆ ಹಸ್ತಪ್ರತಿ ಕೊಟ್ಟೆ. ಮರುದಿನ ಅದನ್ನು ಜೋಪಾನವಾಗಿ ಹಿಂದಿರುಗಿಸಿ, "ನಿಮ್ಮ ಅಕ್ಷರ ಬಹಳ ಸುಂದರವಾಗಿದೆ" ಎಂದರು. ಅಷ್ಟೇ. ಇನ್ನೇನಾದರೂ ಹೇಳುತ್ತಾರೆಂದು ಬಹಳ ಹೊತ್ತು ಕಾದೆ...

ಕೊನೆಯ ದಿನ ಏರಿಯ ಮೇಲೆ ಮೂವರೂ ಕೂತಿದ್ದೆವು. ನೀಲವ್ವ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ಎತಿಯೆನ್ ನನ್ನ ಕಡೆ ತಿರುಗಿ ಒಂದೇ ಉಸಿರಿನಲ್ಲಿ ಹೇಳತೊಡಗಿದರು. ಹೊಸ ನಾಟಕ ಶುರುವಾಗಿದೆ. ಅದು ಇವಳಿಗಾಗಿಯೇ ಬರೆಯುತ್ತಿರುವುದು. ಇವಳು ಬಂದು ಇವಳ ಭಾಷೆಯಲ್ಲೇ ಆಡಲಿ, ನಾಲ್ಕು ತಿಂಗಳು. ಗಂಡನೂ ಜೊತೆಗೆ ಬರಲಿ. ಎಲ್ಲ ವ್ಯವಸ್ಥೆ ರಂಗಮಂದಿರದವರದು. "ದಯವಿಟ್ಟು ಸರಿಯಾಗಿ ಕೇಳಿ. ಇವಳು ಬರದಿದ್ದರೆ ಆ ಪಾತ್ರಕ್ಕೆ ಬೇರೆ ಯಾರೂ ಇಲ್ಲ."

ನೀಲವ್ವ ನಮ್ಮಿಬ್ಬರ ಮುಖ ನೋಡುತ್ತಿದ್ದಳು. "ಏನಂತಾರ್ರಿ ಅಕ್ಕೋರ?"

"ಹೋಗಿ ಬರ್ತೇನಿ, ರೊಟ್ಟಿ ಭಾಳ ಚಲೋ ಇದ್ದುವು ಅಂತಾರವ್ವಾ."

"ಅಷ್ಟನರಿ? ಇಷ್ಟೊತ್ತು ಮಾತಾಡಿದ್ರಲ್ಲ..."

"ಅವರ ಭಾಷಾನ ಉದ್ದ ನೋಡು."

ಅವಳು ನಕ್ಕಳು. "ಹಂಗಾದ್ರ ಮತ್ತ ಬರ್ರಿ ಅಂತ ಹೇಳ್ರಿ. ನಂದಿನ್ನಾ ಭಾಳ ಹೇಳೂದು ಉಳದೈತಿ."

ನಾನು ಎತಿಯೆನ್ ಅವರತ್ತ ತಿರುಗಿ ಹೇಳಿದೆ — "ಒಲ್ಲೆ ಅನ್ನುತ್ತಾಳೆ. ಮನೆಯವರು ಒಪ್ಪುವವರಲ್ಲ. ಮತ್ತೆ ಕೇಳಬೇಡಿ, ಅವಳಿಗೆ ಸಂಕೋಚವಾಗುತ್ತದೆ."

ಅವರು ಎದ್ದು ಅವಳಿಗೆ ಕೈ ಮುಗಿದರು. ಅವಳೂ ನಗುತ್ತಲೇ ಕೈ ಮುಗಿದಳು.

ಒಂದು ವರ್ಷದ ಮೇಲೆ ನನ್ನ ವಿಳಾಸಕ್ಕೆ, ಎತಿಯೆನ್ ನೀಲವ್ವನ ಹೆಸರಿಗೆ ಬರೆದ ಕಾಗದ ಬಂತು. ನಾಟಕ ಮುಗಿದಿದೆ, ನೋಡುವುದಕ್ಕಾದರೂ ಬರುವಳೇ — ಎಂದು ಕೇಳಿದ್ದರು. ಓದಿ ಹರಿದು ಹಾಕಿದೆ. ಮೊದಲನೆಯದು ಹೊಟ್ಟೆಕಿಚ್ಚಿನಲ್ಲಿ ಬಾಯಿ ಜಾರಿದ್ದು ಎಂದುಕೊಳ್ಳಬಹುದಿತ್ತೇನೋ, ಇದನ್ನು ಏನೆಂದುಕೊಳ್ಳಲಿ?

ಬೇರೊಬ್ಬ ನಟಿ ಆ ಪಾತ್ರ ಮಾಡಿದಳು. ನಾಟಕ ಗೆದ್ದಿತು. ದೊಡ್ಡ ರಂಗಮಂದಿರಗಳು ಎತಿಯೆನ್ ಅವರನ್ನು ಕರೆದವು. ಆಮೇಲೆ ಬೇರೆಯವರ ಸಿನಿಮಾಗಳಿಗೆ ಚಿತ್ರಕಥೆ ಬರೆದರು, ಆಮೇಲೆ ತಾವೇ ನಿರ್ದೇಶಕರಾದರು. ಒಂದನ್ನೂ ಬಿಡದೆ ನೋಡಿದ್ದೇನೆ, ಮೊಬೈಲಿನಲ್ಲಿ, ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಿಕೊಂಡು. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಒಬ್ಬ ಹೆಂಗಸು ಇರುತ್ತಾಳೆ — ಕುತ್ತಿಗೆ ವಾರೆ ಮಾಡಿ, ತೊಡೆ ತಟ್ಟಿ ಮಾತಾಡುವವಳು. ನೀಲವ್ವ ಇದ್ದಾಳೆ ಅನಿಸುತ್ತದೆ. ಮರುಗಳಿಗೆ, ಇಲ್ಲ...

ಹೋದ ವರ್ಷ ಒಂದು ಸಂದರ್ಶನದಲ್ಲಿ ಆ ಹೆಂಗಸಿನ ಬಗ್ಗೆ ಯಾರೋ ಕೇಳಿದರು. ಎತಿಯೆನ್ ಅವರ ತಲೆ ಪೂರ್ತಿ ಬೆಳ್ಳಗಾಗಿದೆ. "ಅವಳನ್ನು ಕರೆದೆ. ಒಲ್ಲೆ ಅಂದಳು. ನಗುತ್ತಲೇ ಅಂದಳು. ಇವತ್ತಿಗೂ ಅವಳಿಗಾಗಿಯೇ ಬರೆಯುತ್ತಿದ್ದೇನೆ" ಎಂದರು.

ನಿವೃತ್ತಿಯಾಗಿ ಮನೆಯಲ್ಲಿದ್ದೆ. ಹೋಗಲಿಕ್ಕೆ ಅಡ್ಡಿ ಏನೂ ಇರಲಿಲ್ಲ. ಆದರೂ ಮಮದಾಪುರದ ಬಸ್ ಹತ್ತಲು ಐದು ತಿಂಗಳು ಹಿಡಿಯಿತು.

ಈ ವರ್ಷಗಳಲ್ಲಿ ನೀಲವ್ವ ನನಗೆ ಸಿಗದೆ ಇರಲಿಲ್ಲ. ವಿಜಯಪುರದ ಸಂತೆಗೆ ಬಂದಾಗ ಮನೆಗೆ ಬರುತ್ತಿದ್ದಳು. ಮೊದಮೊದಲು, "ಆ ಸಾಹೇಬ್ರು ಏನಾರ ಕಾಗದಾ ಬರದಾರೇನ್ರಿ ಅಕ್ಕೋರ?" ಎಂದು ಕೇಳುವಳು. ಇಲ್ಲ ಎನ್ನುತ್ತಿದ್ದೆ. ಆಮೇಲೆ ಕೇಳುವುದನ್ನೇ ಬಿಟ್ಟಳು. ದನಿ ಮಾಡಿ ತೋರಿಸುವುದನ್ನೂ ಬಿಟ್ಟಳು. "ಊರಾಗ ಎಲ್ಲಾರೂ ಹುಚ್ಚಿ ಅಂತಾರ್ರಿ. ಒಬ್ರರ ಕುಂತು ಕೇಳಿದ್ರು, ಅವರೂ ಹೋದ್ರು" ಎಂದಿದ್ದಳು ಒಮ್ಮೆ.

ಮಮದಾಪುರದಲ್ಲಿ ಅವಳ ಮನೆಯ ಮುಂದೆ ಕುರಿಹಟ್ಟಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮೊಬೈಲಿನಲ್ಲಿ ಸಿನಿಮಾ ತೋರಿಸಿದೆ. ಅದರಲ್ಲಿಯ ನಟಿ ಕುರಿಗಳನ್ನು ಕೂಗಿ ಕರೆಯುವುದನ್ನು ನೀಲವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಹಿಂಗ ಕರದ್ರ ಒಂದೂ ಬರೂದಿಲ್ಲ."

ಮೊಬೈಲನ್ನು ಮಗ್ಗುಲಿಗಿಟ್ಟಳು. ಆಮೇಲೆ — "ನಾ ಒಲ್ಲೆ ಅಂದೆ ಅಂತ ಹೇಳಿದ್ರಿ?"

"ಹೂಂ."

"ಅವರು ಕೇಳಿದ್ದನ್ನ ನನಗ ಹೇಳಲೇ ಇಲ್ಲ."

"ಇಲ್ಲ."

"ಕಳಸ್ತಿದ್ರೋ ಬಿಡ್ತಿದ್ರೋ ಮನ್ಯಾಗ... ಆದ್ರ ನಾ ಕೇಳಾಕಿರ್ತಿದ್ದೆ. ಜಗಳಾ ಮಾಡಾಕಿರ್ತಿದ್ದೆ. ಅದನ್ನೂ ಕಸಗೊಂಡ್ಯಲ್ಲ ಬೇ ನೀ."

ಅಷ್ಟು ವರ್ಷಗಳಲ್ಲಿ ಅವಳು ನನಗೆ ನೀ ಅಂದದ್ದು ಅದೇ ಮೊದಲು. ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಇದರಾಗ ನನ್ನ ದನಿ ಹಿಡದು ಅವರಿಗೆ ಕಳಸಾಕ ಬರತೈತೇನು?"

ಬರುತ್ತದೆ ಎಂದೆ. ಯಾವುದನ್ನು ಒತ್ತಬೇಕೆಂದು ತೋರಿಸಿ, "ನೀ ಮಾತಾಡು, ನಾ ಇಂಗ್ಲಿಷಿನ್ಯಾಗ ಬರದು ಕಳಸ್ತೀನಿ" ಎಂದೆ.

"ನೀ ಏನೂ ಬರೀಬ್ಯಾಡ. ಎದ್ದು ಆ ಬೇವಿನ ಗಿಡದ ಕಡೆ ಹೋಗು. ಬ್ಯಾರೆ ಯಾರನ್ನರ ಕೇಳಿ ತಿಳಕೋತಾರ ಅವರು."

ಎದ್ದು ಹೋದೆ. ಅಲ್ಲಿಗೆ ಅವಳ ಮಾತು ಕೇಳುತ್ತಿರಲಿಲ್ಲ. ಕೈ ಮೇಲೆದ್ದದ್ದು, ಕುತ್ತಿಗೆ ವಾರೆಯಾದದ್ದು ಕಂಡಿತು. ಹಟ್ಟಿಯೊಳಗಿನ ಕುರಿಗಳು ಒಮ್ಮೆಲೇ ತಲೆ ಎತ್ತಿ ಅವಳ ಕಡೆ ತಿರುಗಿದವು.

ಮೊಬೈಲ್ ನನ್ನ ಕೈಗಿಟ್ಟಳು. "ಕಳಸು. ನೀ ಕೇಳಬ್ಯಾಡ." ಮಗಳ ನಂಬರ್ ಹೇಳಿ, ಉತ್ತರ ಅಲ್ಲಿಗೇ ಬರಲಿ ಎಂದಳು. ಕುಡಿಯಲು ನೀರು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ನಿಂತು ಎತಿಯೆನ್ ಅವರ ರಂಗತಂಡದ ವಿಳಾಸಕ್ಕೆ ಅದನ್ನು ಕಳಿಸಿದೆ. ಕೆಳಗೆ ನೀಲವ್ವನ ಮಗಳ ನಂಬರ್, ನನ್ನ ಹೆಸರು ಬರೆದು, ಅಂದು ನಾನು ಸುಳ್ಳು ಹೇಳಿದ್ದೆ ಎಂಬ ಒಂದು ವಾಕ್ಯ ಸೇರಿಸಿದೆ. ತಲುಪಿದೆ ಎಂದು ಕಚೇರಿಯವರು ಒಂದು ಸಾಲು ಬರೆದರು. ಆಮೇಲೆ ಆ ನಂಬರಿಗೆ ಎತಿಯೆನ್ ಮಾತಾಡಿದರೋ ಇಲ್ಲವೋ — ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ದಾರಿಯೂ ನನಗೆ ಉಳಿದಿಲ್ಲ.

ಅವಳ ದನಿ ಈಗಲೂ ಈ ಮೊಬೈಲಿನಲ್ಲಿದೆ. ಹನ್ನೊಂದು ನಿಮಿಷ. ಬೆರಳು ಎಷ್ಟೋ ಸಲ ಅದರ ಮೇಲೆ ಹೋಗಿ ನಿಂತಿದೆ. ಒತ್ತಿಲ್ಲ. ಒತ್ತುವುದಿಲ್ಲ.