ಏರುತ್ತಲೇ ಹೋದ ತೂಕ

ಆಗ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ನನ್ನವರಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ, ನಾನು ಪ್ರೈಮರಿ ಶಾಲೆಯ ಟೀಚರ್. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ವರ್ಷದೊಳಗೆ ಮೈ ಸಿಕ್ಕಾಪಟ್ಟೆ ಬಂದುಬಿಟ್ಟಿತೆಂದು ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ಒಬ್ಬ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಊಟದ ಪಟ್ಟಿಯ ಜೊತೆಗೆ ತೂಕ ಇಳಿಸುವ ಕ್ಯಾಪ್ಸೂಲು ಬರೆದುಕೊಟ್ಟರು.

ಮೂರು ತಿಂಗಳ ಮೇಲೆ ಮತ್ತೆ ತೂಕ ನೋಡಿದರೆ ಎಪ್ಪತ್ತೆಂಟು ಇದ್ದದ್ದು ಎಂಬತ್ತೆರಡಾಗಿತ್ತು.

“ಅನ್ನ ಕಮ್ಮಿ ಮಾಡಿದೀರಾ ಟೀಚರ್?”

“ರಾತ್ರಿ ಮುಟ್ಟೋದೇ ಇಲ್ಲ ಮೇಡಂ.”

ಅವರು ನಂಬಿದಂತೆ ಕಾಣಲಿಲ್ಲ. ಇನ್ನೊಂದು ತಿಂಗಳು ನೋಡೋಣ ಅಂದರು.

ನಾನು ಯಾರನ್ನೂ ಕೇಳದೆ ಒಂದರ ಬದಲು ಎರಡು ನುಂಗತೊಡಗಿದೆ. ಹೊಟ್ಟೆ ಕೆಟ್ಟಿತೇ ಹೊರತು ತೂಕ ಇಳಿಯಲಿಲ್ಲ. ವಿಚಿತ್ರವೆಂದರೆ ಕೈಕಾಲು ಸಣ್ಣಗಾಗುತ್ತಿದ್ದವು, ಮುಖ ಮತ್ತು ಹೊಟ್ಟೆ ಮಾತ್ರ ಉಬ್ಬುತ್ತಿದ್ದವು. ಸ್ನಾನ ಮಾಡುವಾಗ ನೋಡಿದರೆ ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆಗಳು, ಯಾರೋ ಬೆರಳಲ್ಲಿ ಎಳೆದ ಹಾಗೆ. ನಮ್ಮ ದೊಡ್ಡಮ್ಮ ಹೊಟ್ಟೆಯಲ್ಲಿ ಗಡ್ಡೆ ಬೆಳೆದು ತೀರಿಕೊಂಡಿದ್ದರು. ಅವರಿಗೂ ಮೊದಲು ದಪ್ಪಗಾಗಿದ್ದು ಹೊಟ್ಟೆಯೇ. ನನಗೂ ಅದೇ ಬಂದಿದೆ ಎಂದು ನಾನು ತೀರ್ಮಾನಿಸಿಕೊಂಡೆ. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೇನೋ ಎಂಬ ಹೆದರಿಕೆಯಲ್ಲಿ ಮನೆಯವರಿಗೂ ತಿಳಿಸಲಿಲ್ಲ.

ಒಂದು ದಿನ ಒಂದನೇ ಕ್ಲಾಸಿನ ಮಕ್ಕಳ ಜೊತೆ ನೆಲದ ಮೇಲೆ ಕೂತು ಅಕ್ಷರ ತಿದ್ದಿಸುತ್ತಿದ್ದೆ. ಬೆಲ್ ಹೊಡೆಯಿತು. ಏಳಲು ಹೋದರೆ ತೊಡೆಯಲ್ಲಿ ತ್ರಾಣವೇ ಇಲ್ಲ. ಪಕ್ಕದ ಕ್ಲಾಸಿನ ಟೀಚರ್ ಓಡಿಬಂದು, “ಏನಾಯ್ತು ಮಾರಾಯ್ತಿ?” ಎನ್ನುತ್ತಾ ರಟ್ಟೆ ಹಿಡಿದು ಎತ್ತಿದರು. ಅವರು ಹಿಡಿದ ಕಡೆ ಸಂಜೆಯ ಹೊತ್ತಿಗೆ ಐದು ಬೆರಳೂ ಕಪ್ಪಗೆ ಮೂಡಿದ್ದವು. ಅದನ್ನು ನೋಡಿದ ನನ್ನವರು ಮರುದಿನ ರಜೆ ಹಾಕಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು.

ಡಾಕ್ಟರಮ್ಮ ಈ ಸಲ ಊಟದ ಮಾತೆತ್ತಲಿಲ್ಲ. ಗೆರೆಗಳನ್ನೂ ರಟ್ಟೆಯನ್ನೂ ನೋಡಿ, “ಬೇರೆ ಏನಾದ್ರೂ ಔಷಧಿ ತಗೊಳ್ತಿದೀರಾ?” ಎಂದು ಕೇಳಿದರು.

“ಇಲ್ಲ ಮೇಡಂ.”

“ಮಂಡಿನೋವಿಗೆ ಪುಡಿ ತಗೊಳ್ತೀಯಲ್ಲ, ಹೇಳೇ,” ಅಂದರು ನನ್ನವರು.

ಭದ್ರಾವತಿಯ ಹೊಸಮನೆ ಬಡಾವಣೆಯಲ್ಲಿ ಒಬ್ಬ ನಾಟಿ ವೈದ್ಯರು ಕೊಡುತ್ತಿದ್ದ ಪುಡಿ ಅದು. ಒಂದೂವರೆ ವರ್ಷದಿಂದ ದಿನಾ ಎರಡು ಪೊಟ್ಟಣ. ನೋವು ಮಾಯವಾಗಿತ್ತು. ಬೇರು, ನಾರು ಅಷ್ಟೇ ಎಂದು ಅವರು ಹೇಳಿದ್ದನ್ನು ನಂಬಿದ್ದೆ. ಇಂಗ್ಲಿಷ್ ಔಷಧಿಯ ಡಾಕ್ಟರು ಬೈದಾರೆಂದು ಮುಚ್ಚಿಟ್ಟಿದ್ದೆ.

“ಆ ಪುಡೀಲಿ ಸ್ಟೀರಾಯ್ಡ್ ಬೆರೆಸಿರೋ ಹಾಗಿದೆ. ನಾನು ತೂಕ ಇಳಿಸೋಕೆ ಕೊಡ್ತಿದೀನಿ, ಅದು ಏರಿಸ್ತಾ ಇದೆ. ಕ್ಯಾಪ್ಸೂಲು ಹೇಗೆ ಕೆಲಸ ಮಾಡಬೇಕು ಹೇಳಿ?”

“ಇವತ್ತೇ ಬಿಟ್ಟುಬಿಡ್ತೀನಿ.”

“ಬೇಡ!” ಅವರ ದನಿ ಏರಿತು. “ನಿಮ್ಮ ಮೈ ಅದಕ್ಕೇ ಒಗ್ಗಿಹೋಗಿರುತ್ತೆ. ದಿಢೀರಂತ ನಿಲ್ಲಿಸಿದ್ರೆ ಜೀವಕ್ಕೇ ಅಪಾಯ. ನಾನು ಹೇಳಿದ ಹಾಗೆ ಇಳಿಸ್ತಾ ಬರಬೇಕು.”

ಆಗ ನೆನಪಾಯಿತು. ಹಿಂದಿನ ತಿಂಗಳು ಪುಡಿ ಕೊಡುವವರು ಊರಲ್ಲಿರಲಿಲ್ಲ. ನಾಲ್ಕು ದಿನ ಪುಡಿ ಇಲ್ಲದೆ, ವಾಂತಿಯಾಗಿ ಬಚ್ಚಲಲ್ಲಿ ತಲೆಸುತ್ತಿ ಬಿದ್ದಿದ್ದೆ. ಪಿತ್ತ ಎಂದುಕೊಂಡು ನಿಂಬೆ ಶರಬತ್ತು ಕುಡಿದು ಮಲಗಿದ್ದೆ. ಸಾವಿನ ಎಂಥ ಅಂಚಿಗೆ ಹೋಗಿ ಬಂದಿದ್ದೆ ಎಂದು ಆ ಕುರ್ಚಿಯಲ್ಲಿ ಕೂತಾಗ ಗೊತ್ತಾಯಿತು.

ರಕ್ತಪರೀಕ್ಷೆಯೂ ಡಾಕ್ಟರಮ್ಮನ ಮಾತನ್ನೇ ಹೇಳಿತು. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ ಇರಲಿಲ್ಲ. ಪುಡಿಯ ಬದಲು ಸ್ಟೀರಾಯ್ಡಿನದೇ ಅಳತೆಯ ಮಾತ್ರೆ ಕೊಟ್ಟು, ಎಂಟು ತಿಂಗಳು ಚೂರುಚೂರೇ ಇಳಿಸಿದರು. ಅಷ್ಟೂ ದಿನ ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಬೀಳುತ್ತೇನೋ ಏನೋ ಎಂದು ಗೋಡೆ ಹಿಡಿದೇ ನಿಲ್ಲುತ್ತಿದ್ದೆ. ಕ್ಯಾಪ್ಸೂಲನ್ನು ಅವರು ಅಂದೇ ನಿಲ್ಲಿಸಿದ್ದರು. ವರ್ಷ ತುಂಬುವಷ್ಟರಲ್ಲಿ ಹನ್ನೊಂದು ಕೆಜಿ ಇಳಿಯಿತು. ಮಂಡಿನೋವು ಮಾತ್ರ ಮೊದಲಿಗಿಂತ ಜೋರಾಗಿ ಬಂತು. ಅದನ್ನು ಸಹಿಸಿಕೊಂಡೆ. ಆದರೆ ಮತ್ತೆ ಹಾಗೆ ಬಿದ್ದೇನೆಂಬ ಹೆದರಿಕೆಗೆ, ಸಣ್ಣ ಜ್ವರ ಬಂದರೂ, ಯಾರು ನಕ್ಕರೂ ಸರಿ, ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಹೊರಡುತ್ತಿದ್ದೆ.